ಹನ್ನೊಂದು ಚಿತ್ರಗಳ ಗುಡ್ಡ

ಚಿಕ್ಕಪ್ಪನ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವ ಹೈಪೋ ನೀರಿನ ಹುಳಿ ವಾಸನೆ ಇರುತ್ತಿತ್ತು. ರಜೆಯಲ್ಲಿ ಅಲ್ಲಿ ನಿಂತು, ತಟ್ಟೆಯ ನೀರಿನಲ್ಲಿ ಬಿಳಿ ಕಾಗದದ ಮೇಲೆ ಮುಖಗಳು ಮೂಡುವುದನ್ನು ನೋಡುತ್ತಿದ್ದೆ. ಸತ್ತವರೂ ಹಾಗೆಯೇ ಮೂಡಿ ಬರುತ್ತಿದ್ದರು.

ಮೊನ್ನೆ ಮೂಡಿಗೆರೆಯ ಹಸೀಬನ ಸ್ಟುಡಿಯೋದಲ್ಲಿ ಕೂತಾಗ ಅದೇ ವಾಸನೆ ಬಂದಂತಾಯಿತು. ಅಲ್ಲಿರುವುದು ಕಂಪ್ಯೂಟರ್, ಪ್ರಿಂಟರ್ ಅಷ್ಟೇ.

ಪಕ್ಕದಲ್ಲಿ ಲಕ್ಕಯ್ಯ ಕೂತಿದ್ದ. ನಮ್ಮ ಕಾಫಿ ತೋಟದಲ್ಲಿ ಮೂವತ್ತು ವರ್ಷ ನೆರಳುಮರಗಳ ಕೊಂಬೆ ಸವರಿ ಮರಗಸಿ ಮಾಡಿದವನು. ಹೋದ ಮಳೆಗಾಲ ಗುಡ್ಡ ಜರಿದ ದಿನ ಅವನು ಆಲ್ದೂರಿಗೆ ಹೋಗಿದ್ದ. ಹೆಂಡತಿ ತಿಮ್ಮಮ್ಮ, ಮನೆ, ಗೋಡೆಯ ಮೇಲಿದ್ದ ಮದುವೆ ಫೋಟೋ ಎಲ್ಲವೂ ಮಣ್ಣಿನಡಿ ಹೋದವು. ವರ್ಷದ ತಿಥಿಗೆ ಇಡಲು ಅವಳ ಒಂದು ಚಿತ್ರವೂ ಉಳಿದಿರಲಿಲ್ಲ.

"ನನ್ನ ಫೋಟೋದಲ್ಲಿ ಇದ್ದಾಳೆ" ಎಂದು ಅವನಿಗೆ ಆಸೆ ಹುಟ್ಟಿಸಿದವಳು ನಾನೇ. ಗುಡ್ಡ ಜರಿಯುವ ಮುಂಚಿನ ಬೇಸಿಗೆಯಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ, ಆ ಗುಡ್ಡವನ್ನು ಎಡದಿಂದ ಬಲಕ್ಕೆ ಹನ್ನೊಂದು ಚಿತ್ರವಾಗಿ ತೆಗೆದಿದ್ದೆ. ತಿಮ್ಮಮ್ಮ ಸೌದೆ ಹೊರೆ ಹೊತ್ತು ಕಾಲುದಾರಿಯಲ್ಲಿ ಹೋಗುತ್ತಿದ್ದಳು. ಹಸೀಬ್ ಹನ್ನೊಂದನ್ನೂ ಸೇರಿಸಿ ಒಂದು ಉದ್ದನೆಯ ಪಟ ಮಾಡಿಕೊಟ್ಟಿದ್ದ.

ಲಕ್ಕಯ್ಯನಿಗೆ ಹೇಳಿದ ಮೇಲೆ ಮನೆಯಲ್ಲಿದ್ದ ಆ ಪಟದಲ್ಲಿ ಕನ್ನಡಕ ಹಾಕಿ ಹುಡುಕಿದರೆ, ದಾರಿಯ ಮೇಲೆ ಹೊರೆಯ ನೆರಳಿತ್ತು. ಹೊತ್ತವಳು ಇರಲಿಲ್ಲ. ಆ ಪಟವನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟೆ. ಹಸೀಬನನ್ನೇ ಕೇಳುತ್ತೇನೆಂದು ಲಕ್ಕಯ್ಯ ಹೊರಟಾಗ ದಾರಿಯಲ್ಲಿ ನಾನೂ ಜೊತೆಯಾದೆ.

ಮೂಲ ಚಿತ್ರಗಳೂ ಇರಲಿಲ್ಲ. ಈ ವರ್ಷದ ಹೂವಿನ ಚಿತ್ರ ತೆಗೆಯಲೆಂದು ಕ್ಯಾಮೆರಾ ಕಾರ್ಡನ್ನು ನಾನೇ ಅಳಿಸಿದ್ದೆ. ಚಿತ್ರ ಸೇರಿಸಿದ ದಿನ ಹಸೀಬ್, "ಫೈಲನ್ನ ಟಿಫ್ ಆಗಿ ಇಡ್ಲಾ ಮೇಡಂ, ಜೆಪೆಗ್ ಸಾಕಾ?" ಎಂದು ಕೇಳಿದ್ದ. ಜೆಪೆಗ್ ಹಗುರ, ವಾಟ್ಸಾಪಿನಲ್ಲಿ ಹೋಗುತ್ತದೆ, ಅದೇ ಸಾಕೆಂದಿದ್ದೆ.

"ಜೆಪೆಗ್‌ನಲ್ಲಿ ಕೊನೇಲಿ ಕಂಡಿದ್ದಷ್ಟೇ ಉಳಿಯೋದು ಮೇಡಂ," ಎಂದ ಹಸೀಬ್. "ಚಿತ್ರ ಸೇರಿಸುವಾಗ ಓಡಾಡೋರು ಸಿಕ್ರೆ ಸಾಫ್ಟ್‌ವೇರ್ ತೆಗೆದುಹಾಕತ್ತೆ. ಅದ್ರ ಲೆಕ್ಕದಲ್ಲಿ ಅವ್ರು ಭೂತ..." ಲಕ್ಕಯ್ಯನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

"ಇರ್ಲಿ ಬಿಡಿ ಸಾಬ್ರೆ," ಎಂದ ಲಕ್ಕಯ್ಯ. "ಭೂತ ಆಗಾದ್ರೂ ಬರ್ಲಿ."

ಹಸೀಬ್ ಡ್ರಾಯರಿನಿಂದ ಹಳೆಯ ಹಾರ್ಡ್‌ಡಿಸ್ಕ್ ತೆಗೆದ. "ನೀವು ಬೇಡ ಅಂದ್ರೂ ಟಿಫ್ ಒಂದು ಇಟ್ಕೊಂಡಿದ್ದೆ ಮೇಡಂ. ತುಂಬಾ ಜಾಗ ತಿನ್ನತ್ತೆ. ಆದ್ರೆ ಅದ್ರಲ್ಲಿ ಹನ್ನೊಂದೂ ಪದರ ಪದರವಾಗಿ ಇರತ್ತೆ. ಬೇಡದ್ದನ್ನ ಮುಚ್ಚಿರತ್ತೆ, ಅಳಿಸಿರಲ್ಲ."

ಐದನೆಯ ಪದರದ ಮುಸುಕು ಸರಿಸಿದ. ಖಾಲಿ ದಾರಿಯಲ್ಲಿ, ನೆರಳಿನ ತುದಿಗೆ, ತಿಮ್ಮಮ್ಮ ಬಂದು ನಿಂತಳು. ಆರನೆಯದರಲ್ಲಿ ನಾಲ್ಕು ಹೆಜ್ಜೆ ಮುಂದೆ ಇದ್ದಳು. ಏಳನೆಯದರಲ್ಲಿ ನಮ್ಮ ಕಡೆ ತಿರುಗಿ ನಗುತ್ತಿದ್ದಳು. ನಾನು ಕ್ಯಾಮೆರಾ ತಿರುಗಿಸಿದಷ್ಟೂ ಅವಳು ಜೊತೆಗೇ ನಡೆದಿದ್ದಳು. ಅವಳ ಹಿಂದೆ, ಈಗ ಇಲ್ಲದ ಗುಡ್ಡ ಬೆಳ್ಳಗೆ ಅರಳಿತ್ತು.

"ಯಾವ್ದು ಉಳಿಸ್ಲಿ ಲಕ್ಕಣ್ಣ? ಒಂದು ಸಾಕಲ್ವಾ?" ಎಂದು ಹಸೀಬ್ ಕೇಳಿದ.

ಲಕ್ಕಯ್ಯ ಮುಂದೆ ಬಾಗಿ ಪರದೆಯ ಮೇಲಿನ ಮೂರನ್ನೂ ಬೆರಳಿನಿಂದ ಮುಟ್ಟಿದ. ಆಮೇಲೆ, "ಮೂರೂ ಇರ್ಲಿ. ಅವ್ಳು ಯಾವತ್ತು ಒಂದು ಕಡೆ ನಿಂತಿದ್ಲು ಮಾರಾಯ್ರೆ?" ಎಂದ.

ಹಸೀಬ್ ಹೊಸ ಪಟ ಪ್ರಿಂಟ್ ಮಾಡಿ, ಮಳೆಗೆ ಒದ್ದೆಯಾಗದಂತೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿಕೊಟ್ಟ.

ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತೆವು. ಲಕ್ಕಯ್ಯ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಚೀಲ ಬಿಚ್ಚಿದ. ಒಳಗೆ ಎರಡು ಬುತ್ತಿಗಳಿದ್ದವು. ಬೆಳಿಗ್ಗೆ ಬುತ್ತಿ ಕಟ್ಟುವಾಗ ನಾನು ಜೊತೆಗೆ ಬರುವುದು ಅವನಿಗೆ ಗೊತ್ತಿರಲಿಲ್ಲ. ವರ್ಷವಾದರೂ ತನಗೊಂದು, ತಿಮ್ಮಮ್ಮನಿಗೊಂದು ಕಟ್ಟುವ ಕೈಯ ರೂಢಿ ತಪ್ಪಿರಲಿಲ್ಲ. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತಾ ಕೂತ. ನಂತರ ಅಕ್ಕಿರೊಟ್ಟಿ, ಎಳೆಬಿದಿರಿನ ಕಳಲೆ ಪಲ್ಯ ಇದ್ದ ಒಂದನ್ನು ನನ್ನ ಕೈಗೆ ಕೊಟ್ಟ.