ಎರಡು ದಿನಕ್ಕೆಂದು ತಂದದ್ದು

ಗಂಡನ ಸಾವಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ನಿಂತೆ. ಬಾಗಿಲು ಹಾಕಿಕೊಳ್ಳಲು ಬಂದ ಅತ್ತೆ ಗೋಡೆ ಹಿಡಿದರು. ಎಡ ಮಂಡಿ ಊದಿಕೊಂಡಿತ್ತು.

"ಯಾವಾಗ ಬಿದ್ರಿ?"

"ಅವನನ್ನ ಎತ್ಕೊಂಡು ಹೋದ್ರಲ್ಲ, ಆವತ್ತು. ಮೆಟ್ಟಿಲ ಮೇಲೆ."

"ಐದು ದಿನ ಆಯ್ತು. ಒಂದು ಮಾತು ಹೇಳಬಾರದಿತ್ತಾ?"

"ಆ ಗದ್ದಲದಲ್ಲಿ ನನ್ನ ಮಂಡಿ ಯಾರಿಗೆ ಬೇಕಿತ್ತಮ್ಮ."

ಬಾಡಿಗೆ ಕಾರಿನಲ್ಲಿ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಎಕ್ಸ್‌ರೇ ಕೋಣೆಯಲ್ಲಿ ನಾನೂ ಗಂಡನೂ ಪಾಳಿ ಹಂಚಿಕೊಂಡು ದುಡಿಯುತ್ತಿದ್ದೆವು. ದಾರಿಯುದ್ದಕ್ಕೂ ಅತ್ತೆ ಮಂಡಿಯ ಕೆಳಗಿಟ್ಟುಕೊಂಡಿದ್ದ ಸ್ಪಂಜಿನ ದಿಮ್ಮಿಯನ್ನು ಬಿಡಲಿಲ್ಲ. ರೋಗಿಯ ಕಾಲು ಮಡಿಸಿಡುವ ಮೂರು ಮೂಲೆಯ ದಿಮ್ಮಿ. ಅಮ್ಮನ ಮಂಡಿನೋವಿಗೆಂದು ಗಂಡ ಅದನ್ನು ಎಕ್ಸ್‌ರೇ ಕೋಣೆಯಿಂದ ಎರಡು ದಿನಕ್ಕೆ ಕೇಳಿ ತಂದಿದ್ದ, ಮೂರು ತಿಂಗಳಾಗಿತ್ತು. ದಿನಾ ಮಲಗುವಾಗ ಅಮ್ಮನ ಕಾಲೆತ್ತಿ ತಾನೇ ಇಡುತ್ತಿದ್ದ.

ಹಿರಿಯ ಟೆಕ್ನೀಷಿಯನ್, ನಾವೆಲ್ಲ ಮಾಮ ಎನ್ನುವವರು, ದಿಮ್ಮಿಯನ್ನು ಕಂಡೂ ಕಾಣದಂತೆ, ಅದರ ಬದಲು ಮಂಡಿಯ ಕೆಳಗಿಡಲು ಹೊದಿಕೆಯೊಂದನ್ನು ಸುರುಳಿ ಸುತ್ತತೊಡಗಿದರು.

ಮೊದಲು ಪಕ್ಕಕ್ಕೆ ಮಲಗಿಸಿ ಚಿತ್ರ ತೆಗೆದೆವು. ಚಿಪ್ಪು ಅಡ್ಡಕ್ಕೆ ಒಡೆದಿದ್ದರೆ ಮಂಡಿ ಮಡಿಸುವಂತಿಲ್ಲ, ಚೂರುಗಳು ದೂರ ಸರಿಯುತ್ತವೆ. ಒಡೆದಿರಲಿಲ್ಲ. ಡಾಕ್ಟರು ನೋಡಿ, ಮಡಿಸಬಹುದು ಎಂದರು. ಚಿಪ್ಪಿನ ಉದ್ದಕ್ಕೆ ಬಿದ್ದ ಬಿರುಕು ಕಾಣಬೇಕಾದರೆ ಮಂಡಿ ಮಡಿಸಿ, ಪಾದದ ಕಡೆಯಿಂದ ಕಿರಣ ಹಾಯಿಸಬೇಕು. ಚಿತ್ರ ಮೂಡುವ ಪ್ಲೇಟನ್ನು ತೊಡೆಯ ಮೇಲೆ ರೋಗಿಯೇ ಹಿಡಿದಿರಬೇಕು.

ಸುರುಳಿ ಜಾರಿತು. ಚಿತ್ರ ಅಲುಗಿತು.

"ಅತ್ತೆ, ಅದನ್ನ ಕೊಡಿ."

"ಕೊಟ್ರೆ ಇಲ್ಲೇ ಇಟ್ಕೋತೀರಿ."

"ಎಲ್ಲಿಗೂ ಹೋಗಲ್ಲ ತಾಯಿ," ಎಂದರು ಮಾಮ. "ನಿಮ್ಮ ಮಂಡಿ ಕೆಳಗೇ ಇರುತ್ತೆ."

ಅತ್ತೆ ಅದನ್ನು ಈಚೆ ಕೊಟ್ಟರು. ನಾನು ಕಾಲೆತ್ತಿ ಇಟ್ಟೆ, ಗಾಜಿನ ಹಿಂದೆ ಹೋದೆ.

"ಉಸಿರು ಬಿಗಿ ಹಿಡೀರಿ."

ಮಂಡಿಯ ಚಿತ್ರಕ್ಕೆ ಅದು ಬೇಕಿಲ್ಲ. ಗಂಡನ ಅಭ್ಯಾಸ ಅದು, ನನ್ನ ಬಾಯಿಗೆ ಬಂದಿತ್ತು. "ಮಂಡಿ ಏನು ಉಸಿರಾಡುತ್ತಾ ಸ್ವಾಮಿ?" ಎಂದು ನಾನು ಕಾಲೆಳೆದರೆ, "ಮಂಡಿ ಅಲ್ಲ ಕಣೇ, ಮಂಡಿ ಇರೋರು ಉಸಿರಾಡ್ತಾರೆ," ಅನ್ನುತ್ತಿದ್ದ.

ಚಿತ್ರ ಬಂತು. ಬಿರುಕು ಇರಲಿಲ್ಲ. ಅದನ್ನೇ ನೋಡುತ್ತ ನಿಂತೆ.

ಗಾಜಿನಾಚೆ ಅತ್ತೆ ಒಂದು ಕೈ ಎತ್ತಿದರು. ಮುಖ ಕೆಂಪಾಗಿತ್ತು. ಉಸಿರು ಬಿಡಿ ಎನ್ನುವುದನ್ನು ಮರೆತಿದ್ದೆ.

"ಬಿಡಿ ಅತ್ತೆ."

ಬಿಟ್ಟರು. ಹಿಂದೆಯೇ, ಐದು ದಿನದಿಂದ ಬಾರದಿದ್ದ ಅಳು ಬಂತು. ಮಾಮ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮುಖ ಒರೆಸಿಕೊಂಡ ಮೇಲೆ ಅತ್ತೆ ಕೇಳಿದರು, "ಮನೇಲಿ ದಿಂಬು ಇಟ್ಟರೂ ಆಗುತ್ತಾ?"

"ಎರಡು ಇಟ್ಟರೆ ಆಗುತ್ತೆ."

"ನೀನು ಇಡ್ತೀಯಾ?"

"ಇಡ್ತೀನಿ."

ಅವರು ದಿಮ್ಮಿಯನ್ನು ಒಮ್ಮೆ ಸವರಿ ನನ್ನ ಕಡೆ ತಳ್ಳಿದರು. ಹೊರಗಿನ ಬೆಂಚಿನಲ್ಲಿ ಬಡಗಿಯೊಬ್ಬ ಮಂಡಿ ಹಿಡಿದು ಕಾದಿದ್ದ. ದಿಮ್ಮಿ ಒರೆಸಿ ಮಾಮನ ಕೈಗಿಟ್ಟೆ.

"ತಡ ಆಯ್ತು ಮಾಮ," ಎಂದೆ.