ಹೊಸ ಕಾರ್ಡಿಗೆ ವಿಭೂತಿ

ಮೂಗೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಬಸವಪ್ರಸಾದನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಳೆಯ ಕಂಪ್ಯೂಟರಿಗೆ ಹೊಸ ಪವರ್ ಸಪ್ಲೈ, ಹೊಸ ಗ್ರಾಫಿಕ್ಸ್ ಕಾರ್ಡ್ ಅವಸರದಲ್ಲೇ ಕೂರಿಸಿದ್ದ. ಫ್ಯಾನು ಗಿರ್ರೆನ್ನುತ್ತಿತ್ತು, ಪರದೆ ಮಾತ್ರ ಕಪ್ಪು. ವೈರುಗಳನ್ನೆಲ್ಲ ಕಿತ್ತು ಸಿಕ್ಕಿಸಿದ, ನಂಜನಗೂಡಿನ ಅಂಗಡಿಯವನ ಜನ್ಮ ಜಾಲಾಡಿದ, ಕೊನೆಗೆ ಕಾರ್ಡನ್ನೇ ಹೊರಗೆಳೆದ. ಕಂಪ್ಯೂಟರಿನೊಳಗೆ ಸಿಕ್ಕಿಕೊಳ್ಳುವ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಬೆಳ್ಳಗೆ ಮೂರೆಳೆ ವಿಭೂತಿ!

“ಅವ್ವಾ, ಇದೇನವ್ವ ಇದು?”

“ವಿಭೂತಿ ಇಕ್ಕದೆ ಒಸ ಸಾಮಾನ ಮುಟ್ಟಾರಾ? ಒಳೆಯೋ ಕಡೆನೇ ಇಟ್ಟಿವ್ನಿ ಕಣಪ್ಪ,” ಎಂದಳು ತಾಯಿ ಚನ್ನಾಜಮ್ಮ.

ಗೊಣಗುತ್ತ ರಬ್ಬರಿನಿಂದ ಉಜ್ಜಿದ. ಬೂದಿಯ ಕೈಯಲ್ಲೇ ಹಣೆಯ ಬೆವರು ಒರೆಸಿಕೊಂಡು, ಕಾರ್ಡ್ ಕೂರಿಸಿ ಸ್ವಿಚ್ ಒತ್ತಿದ. ಪರದೆ ಬೆಳಗಿತು.

ಅವ್ವ ಪರದೆಯತ್ತ ತಿರುಗಲೇ ಇಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

“ಎಷ್ಟ್ ವರ್ಸ ಆಗಿತ್ಲಾ ಮಗ, ನಿನ್ ಅಣೆ ಮ್ಯಾಲೆ ವಿಭೂತಿ ಕಂಡು!”