ಬೀಗದಕ್ಕನ ಕಂಪ್ಯೂಟರ್ ಕೋಣೆ

ನಿಮ್ಮ ಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇದೆಯೇ? ಇದ್ದರೆ ಅದಕ್ಕೊಂದು ಬೀಗವೂ ಇರುತ್ತದೆ. ಬೀಗ ಇದ್ದಮೇಲೆ ಅದರ ಕೀ ಯಾರದೋ ಸೊಂಟದಲ್ಲೋ ಜೇಬಿನಲ್ಲೋ ಇರಲೇಬೇಕಲ್ಲ. ಈ ಕಥೆಯ ಹೈಸ್ಕೂಲಿನಲ್ಲಿ ಅದು ಇದ್ದದ್ದು ಅಟೆಂಡರ್ ಅಕ್ಕನ ಸೊಂಟದಲ್ಲಿ. ಮಕ್ಕಳು ಎದುರಿಗೆ ಸಿಕ್ಕಾಗ ‘ಅಕ್ಕಾ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಬೀಗದಕ್ಕ’ ಅನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಕಂಪ್ಯೂಟರುಗಳು ಬಂದಿಳಿದ ದಿನ ಆಗಿನ ಹೆಡ್ ಮಾಸ್ಟರು ಅವಳನ್ನು ಕರೆದು, "ನೋಡಮ್ಮ, ಇವು ಬಹಳ ನಾಜೂಕಿನ ವಸ್ತು. ಒಂದು ಗೀರು ಬಿದ್ರೂ ನಿನ್ನನ್ನೇ ಕೇಳೋದು" ಅಂದಿದ್ದರು. ಅವರು ಅಷ್ಟು ಹೇಳಿ, ಆ ವರ್ಷವೇ ನಿವೃತ್ತರಾಗಿ ಹೋದರು. ಮಾತು ಮಾತ್ರ ಇವಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಹಳೆಯ ಕರ್ಟನ್ ಬಟ್ಟೆ ತಂದು, ತಾನೇ ಅಳತೆ ಹಿಡಿದು, ಒಂದೊಂದು ಕಂಪ್ಯೂಟರಿಗೂ ಹೊದಿಕೆ ಹೊಲಿದಳು. ದಿನಾ ಕಸ ಗುಡಿಸಿ, ನೆಲ ಒರೆಸಿ, ಹೊದಿಕೆಯ ಮೇಲಿನ ಧೂಳು ಕೊಡವಿ ಬೀಗ ಹಾಕುತ್ತಿದ್ದಳು. ಹೊದಿಕೆ ಎತ್ತಿ ಒಳಗೆ ನೋಡುವ ಧೈರ್ಯವನ್ನು ಅವಳೂ ಮಾಡಲಿಲ್ಲ. ಬಾಗಿಲಿಗೆ ಒಂದು ರಟ್ಟು ತೂಗುಹಾಕಿ, ತನ್ನ ಸೊಟ್ಟ ಅಕ್ಷರದಲ್ಲಿ ‘ಮುಟ್ಟಬಾರದು’ ಎಂದು ಬರೆದಿದ್ದಳು. ತಪಾಸಣೆಗೆ ಬಂದ ಅಧಿಕಾರಿಗಳು ಬಾಗಿಲಲ್ಲೇ ನಿಂತು ಇಣುಕಿ, "ಭೇಷ್, ನಿನ್ನೆ ತಂದ ಹಾಗಿವೆ" ಎಂದು ಹೊಗಳಿ ಹೋದರೆ ಅವಳಿಗೆ ಆ ವಾರವಿಡೀ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಹಾಗಾದರೆ ಪಾಠ? ಪಾಠ ಕರಿಹಲಗೆಯ ಮೇಲೆ ನಡೆಯುತ್ತಿತ್ತು. ಮೇಷ್ಟ್ರು ಚಾಕ್‌ಪೀಸಿನಲ್ಲಿ ಕಂಪ್ಯೂಟರಿನ ಚಿತ್ರ ಬಿಡಿಸುವರು, ಮಕ್ಕಳು ನೋಡಿ ಬಿಡಿಸುವರು. ಪರೀಕ್ಷೆಯಲ್ಲಿ ಭಾಗಗಳನ್ನು ಹೆಸರಿಸಿದರೆ ಮಾರ್ಕ್ಸು. ಬೀಗದಕ್ಕನ ಮಗಳು ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು. ಅವಳು ಬಿಡಿಸಿದ ಮೌಸು, ಬಾಲ ಸುತ್ತಿಕೊಂಡು ಕೂತ ನಿಜವಾದ ಇಲಿಯಷ್ಟೇ ಮುದ್ದಾಗಿತ್ತು. ನೂರಕ್ಕೆ ತೊಂಬತ್ತೆರಡು ಬಂತು. ಬೀಗದಕ್ಕ ಅದನ್ನು ಬೀದಿಯಲ್ಲಿ ಹೇಳದೆ ಬಿಟ್ಟ ಮನೆಯಿಲ್ಲ.

ಹೀಗಿರುವಾಗ ಆ ಮೇಷ್ಟ್ರಿಗೆ ವರ್ಗವಾಗಿ, ಅವರ ಜಾಗಕ್ಕೆ ಹೊಸ ಮೇಡಂ ಬಂದರು. ಸಣ್ಣ ವಯಸ್ಸು, ಮೆಲು ಮಾತು.

"ಅಕ್ಕಾ, ಇವತ್ತು ಮಕ್ಕಳನ್ನ ಕಂಪ್ಯೂಟರ್ ರೂಮಿಗೆ ಕರ್ಕೊಂಡು ಹೋಗ್ತೀನಿ. ಕೀ ಕೊಡ್ತೀರಾ?"

"ಈಗಷ್ಟೇ ನೆಲ ಒರೆಸಿದೀನಿ ಮೇಡಂ. ಒಣಗಲಿ."

ಮರುದಿನ ಮೇಡಂ ಮತ್ತೆ ಬಂದರು. ಬೀಗದಕ್ಕ ಮುಖ ಸಪ್ಪಗೆ ಮಾಡಿಕೊಂಡು, "ಅಯ್ಯೋ, ಕೀ ಮನೇಲೇ ಮರೆತು ಬಂದೆ" ಅಂದಳು. ಹೇಳುವಾಗಲೇ ಸೊಂಟದ ಗೊಂಚಲು ಝಣಝಣ ಅಂದಿತು.

ಮೇಡಂ ನಕ್ಕುಬಿಟ್ಟರು. "ಮರೆತು ಬಂದ ಕೀ ಬಹಳ ಸದ್ದು ಮಾಡ್ತಿದೆಯಲ್ಲಕ್ಕಾ."

ಬೀಗದಕ್ಕನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ಮೇಡಂ, ನೀವು ಹೊಸಬರು. ಈ ಮಕ್ಕಳ ಕೈ ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ನಲ್ಲಿ ತಿರುವಿ ತಿರುವಿ ಮುರೀತಾರೆ, ಬಾಗಿಲ ಚಿಲಕ ಕೀಳ್ತಾರೆ. ಇವು ಹಾಳಾದ್ರೆ ನನ್ನ ಕೆಲಸಕ್ಕೇ ಸಂಚಕಾರ."

"ಮುಟ್ಟದೆ ಕಲಿಯೋದು ಹೇಗಕ್ಕಾ?"

"ಯಾಕೆ, ನನ್ನ ಮಗಳು ಕಲಿತಿಲ್ವಾ? ತೊಂಬತ್ತೆರಡು ಬಂದಿದೆ."

ಮೇಡಂ ಹೆಡ್ ಮಾಸ್ಟರಿಗೆ ದೂರು ಕೊಡಬಹುದಿತ್ತು, ಕೊಡಲಿಲ್ಲ. ಬಂದ ಹೊಸತರಲ್ಲೇ ಜಗಳ ಯಾಕೆ, ನಿಧಾನಕ್ಕೆ ಒಪ್ಪಿಸೋಣ ಅಂದುಕೊಂಡರು.

ಇನ್ನು ಆ ಮಗಳ ವಿಷಯ. ಅವಳಿಗೆ ಇದ್ದದ್ದು ಒಂದೇ ಆಸೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಆ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡಬೇಕು. ದೊಡ್ಡ ಆಸ್ಪತ್ರೆಯೊಂದು ಹತ್ತನೇ ಕ್ಲಾಸು ಮುಗಿಸುವ ಮಕ್ಕಳಿಗೆ ಅದೇ ತರಬೇತಿ ಕೊಡುತ್ತಿತ್ತು. ಸೀಟು ಕೆಲವೇ ಕೆಲವು. ಆರಿಸುವುದಕ್ಕೆ ಮೊದಲೇ ಒಂದು ಪರೀಕ್ಷೆ. ಅದೇ ವಾರದ ಶನಿವಾರ ಅಪ್ಪ ಮಗಳನ್ನು ಕರೆದುಕೊಂಡು ಹೋದ. ಅವನು ಬಸ್ ಡ್ರೈವರು, ಅಂದು ರಜೆ ಹಾಕಿದ್ದ. ಬೀಗದಕ್ಕ ಮಗಳ ತಲೆ ಸವರಿ, "ತೊಂಬತ್ತೆರಡು ತಗೊಂಡೋಳು ನೀನು, ಹೆದರ್ಕೋಬೇಡ" ಎಂದು ಕಳಿಸಿದಳು.

ಸಂಜೆ ಮಗಳು ಬಂದವಳೇ ಚೀಲ ಇಟ್ಟು, ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೆ ಎಬ್ಬಿಸಿದರೆ ತಟ್ಟೆಯಲ್ಲಿ ಅನ್ನ ಕಲಸುತ್ತ ಕೂತಳು.

"ಏನಾಯ್ತು ಪುಟ್ಟಿ? ಪ್ರಶ್ನೆ ಕಷ್ಟ ಇತ್ತಾ?"

"ಪ್ರಶ್ನೇನೇ ಇರಲಿಲ್ಲಮ್ಮ. ಕಂಪ್ಯೂಟರ್ ಮುಂದೆ ಕೂರಿಸಿದ್ರು. ಒಂದು ಹಾಳೆ ಕೊಟ್ಟು, ಇದನ್ನ ಟೈಪ್ ಮಾಡಿ, ಕೆಳಗೊಂದು ಟೇಬಲ್ ಹಾಕಿ, ನಿಮ್ಮ ಹೆಸರಲ್ಲಿ ಸೇವ್ ಮಾಡಿ ಅಂದ್ರು. ಲ್ಯಾಬಿನ ರಿಪೋರ್ಟೆಲ್ಲ ಅದರಲ್ಲೇ ತಯಾರಾಗೋದಂತೆ."

"ನಿನಗೆ ಗೊತ್ತಿರೋದೇ ಅಲ್ವೇನೇ?"

"ನನಗೆ ಆನ್ ಮಾಡೋದೇ ಗೊತ್ತಾಗಲಿಲ್ಲ. ಸ್ಕ್ರೀನಿನ ಬಟನ್ನೇ ಒತ್ತುತಾ ಕೂತಿದ್ದೆ. ಪಕ್ಕದ ಹುಡುಗಿ ತೋರಿಸಿದಳು. ಮೌಸ್ ಹಿಡಿದ್ರೆ ಬಾಣದ ಗುರುತು ಎಲ್ಲೆಲ್ಲೋ ಓಡುತ್ತೆ. ಹೇಗೋ ಎರಡು ಸಾಲು ಟೈಪ್ ಮಾಡಿದೆ, ಏನೋ ಒತ್ತಿದೆ, ಎಲ್ಲಾ ಮಾಯ ಆಗೋಯ್ತು." ಹುಡುಗಿ ತಟ್ಟೆಯನ್ನು ಆಚೆ ಸರಿಸಿದಳು. "ಅಲ್ಲಿ ಯಾರೂ ಚಿತ್ರ ಬಿಡಿಸು ಅನ್ನಲಿಲ್ಲಮ್ಮ."

ಬೀಗದಕ್ಕನಿಗೆ ಮೈಯೆಲ್ಲ ಉರಿಯಿತು. "ನಿಮ್ಮ ಶಾಲೆ ಮೇಷ್ಟ್ರಿಗೆ ಬುದ್ಧಿ ಬೇಡ್ವಾ? ಮಕ್ಕಳ ಕೈಗೆ ಕಂಪ್ಯೂಟರ್ ಕೊಟ್ಟು ಕಲಿಸಬೇಕು ಅಂತ..."

ಮಾತು ಅಲ್ಲಿಗೇ ನಿಂತಿತು. ಮಗಳು ತಲೆ ಎತ್ತಿ ನೋಡುತ್ತಿದ್ದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಅಮ್ಮನಿಗೆ ಹೆಚ್ಚು ಚುಚ್ಚಿತು.

"ಕೀ ನಿನ್ನ ಹತ್ರಾನೇ ಇತ್ತಲ್ಲಮ್ಮ" ಅಂದಳು ಹುಡುಗಿ.

ಊಟ ಮುಗಿಸಿದ ಗಂಡ ಕೈ ತೊಳೆದು ಬಂದು ಬೀಗದಕ್ಕನ ಪಕ್ಕ ಕೂತ.

"ಅಲ್ಲ ಕಣೇ, ಬಸ್ ಓಡಿಸೋದನ್ನ ಪುಸ್ತಕ ಓದಿ ಕಲಿತಿದೀನಿ, ಸ್ಟೇರಿಂಗ್ ಮುಟ್ಟಿಲ್ಲ, ಆದ್ರೆ ತೊಂಬತ್ತೆರಡು ಬಂದಿದೆ ಅಂದ್ರೆ ನೀನು ನನ್ನ ಬಸ್ ಹತ್ತುತಿದ್ದೆಯಾ?"

"ಮಕ್ಕಳು ಮುಟ್ಟಿದ್ರೆ ಕೆಟ್ಟುಹೋಗುತ್ತೆ ರೀ."

"ಓಡಿಸಿದ ಬಸ್ಸಿಗಿಂತ ಶೆಡ್ಡಲ್ಲಿ ನಿಂತ ಬಸ್ಸೇ ಬೇಗ ಕೆಡೋದು. ಬೇಕಾದ್ರೆ ಡಿಪೋದಲ್ಲಿ ಯಾರನ್ನಾದ್ರೂ ಕೇಳು." ಆಮೇಲೆ ದನಿ ತಗ್ಗಿಸಿ ಹೇಳಿದ, "ಇನ್ನೊಂದು ಅವಕಾಶ ಇದೆ. ಮೊದಲ ಸಲ ಆಗದೇ ಇದ್ದೋರು ಮುಂದಿನ ತಿಂಗಳು ಮತ್ತೆ ಬರಬಹುದು ಅಂದಿದಾರೆ. ಅದೂ ತಪ್ಪಿದ್ರೆ ಸೀಟು ಇಲ್ಲ."

ಸೋಮವಾರ ಬೀಗದಕ್ಕ ಯಾರೂ ಬರುವ ಮೊದಲೇ ಶಾಲೆಗೆ ಹೋದಳು. ಬೀಗ ತೆಗೆದಳು. ಕಿಟಕಿ ಪಕ್ಕದ ಕಂಪ್ಯೂಟರಿನ ಹೊದಿಕೆ ಎತ್ತಿದಳು. ಸ್ವಿಚ್ ಹಾಕಿದಳು, ಬಟನ್ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಂದಕ್ಕೆ ಹೋದಳು. ಅದೂ ಅಷ್ಟೇ. ಮೇಡಂ ಬರುವ ಹೊತ್ತಿಗೆ ಅವಳು ಹೊದಿಕೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಮೇಡಂ, ನಾನು ಮುಟ್ಟಿದ್ದಕ್ಕೆ ಕೆಟ್ಟೋಯ್ತು."

ಮೇಡಂ ಬಗ್ಗಿ ಹಿಂದೆ ನೋಡಿದರು. ವೈರನ್ನು ಇಲಿಗಳು ಕಡಿದು ಹಾಕಿದ್ದವು. ನಿಜವಾದ ಇಲಿಗಳು. ಹೊದಿಕೆಯ ಕತ್ತಲಲ್ಲಿ ಒಂದು ಸಂಸಾರವನ್ನೇ ಹೂಡಿದ್ದವು. ಉಳಿದವನ್ನೂ ನೋಡಿದರೆ ಅರ್ಧಕ್ಕರ್ಧ ಏಳಲೇ ಇಲ್ಲ.

"ನೀವು ಮುಟ್ಟಿದ್ದಕ್ಕಲ್ಲಕ್ಕಾ. ಯಾರೂ ಮುಟ್ಟದೇ ಇದ್ದದ್ದಕ್ಕೆ" ಅಂದರು ಮೇಡಂ.

ಬೀಗದಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಇದನ್ನೇ ಏನು? ಅವಳಿಗೆ ಅಳು ಬಂತು, ಅತ್ತಳು. ವಿಷಯ ತಿಳಿದು ಬಂದ ಈಗಿನ ಹೆಡ್ ಮಾಸ್ಟರು ಬೈಯುತ್ತಾರೆ ಅಂದುಕೊಂಡರೆ, ಅವರು ತಲೆ ಕೆರೆದುಕೊಂಡು, "ನಾನೂ ಒಂದು ದಿನ ಬಾಗಿಲು ತೆಗೆಸಿ ನೋಡಲಿಲ್ಲವಲ್ಲಮ್ಮ. ತಪ್ಪು ನಿನ್ನೊಬ್ಬಳದೇ ಅಲ್ಲ" ಎಂದು ರಿಪೇರಿಯವನಿಗೆ ಫೋನ್ ಮಾಡಿದರು.

ಕೆಲವು ಕಂಪ್ಯೂಟರು ಸರಿಹೋದವು, ಕೆಲವು ಆಗಲಿಲ್ಲ. ಸರಿಹೋದವುಗಳ ಮುಂದೆ ಇಬ್ಬಿಬ್ಬರನ್ನು ಕೂರಿಸಿ ಮೇಡಂ ಪಾಠ ಶುರುಮಾಡಿದರು. ಬೀಗದಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಬ್ಬ ಹುಡುಗ ಕೀಬೋರ್ಡನ್ನು ಟಪಟಪ ಬಡಿದ. ಬೀಗದಕ್ಕ "ಏ, ಮೆಲ್ಲಗೋ!" ಎಂದು ಕೂಗಿಬಿಟ್ಟಳು.

"ಅಕ್ಕಾ, ಒಳಗೆ ಬನ್ನಿ" ಎಂದು ಮೇಡಂ ಅವಳನ್ನೂ ಕೂರಿಸಿದರು. "ನಿಮ್ಮ ಹೆಸರು ಟೈಪ್ ಮಾಡಿ."

ಅವಳು ಒಂದೊಂದೇ ಅಕ್ಷರ ಹುಡುಕಿ, ಬೆವರಿ, ಹೆಸರು ಮುಗಿಸಿದಳು.

"ಈಗ ಅಳಿಸಿಬಿಡಿ."

"ಅಯ್ಯೋ, ಯಾಕೆ ಮೇಡಂ, ಇಷ್ಟು ಕಷ್ಟಪಟ್ಟು..."

"ಅಳಿಸಿ, ಹೇಳ್ತೀನಿ."

ಅಳಿಸಿದಳು. ಪರದೆ ಬಿಳಿಯಾಯಿತು.

"ಇಲ್ಲಿ ಎಡಗಡೆ ಕೆಳಗಿನ ಮೂಲೇಲಿ ಕಂಟ್ರೋಲ್ ಅಂತ ಇದೆಯಲ್ಲ, ಅದನ್ನ ಒತ್ತಿ ಹಿಡ್ಕೊಂಡು, ಜೆಡ್ ಒತ್ತಿ."

ಒತ್ತಿದಳು. ಹೆಸರು ವಾಪಸ್ ಬಂದು ಕೂತಿತು. ಬೀಗದಕ್ಕ ಬಾಯಿ ತೆರೆದವಳು ಮುಚ್ಚಲಿಲ್ಲ.

"ಟೈಪ್ ಮಾಡುವಾಗ ತಪ್ಪಾದ್ರೆ ಹೀಗೆ ಹಿಂದಕ್ಕೆ ಹೋಗಬಹುದು. ಆಗಾಗ ಸೇವ್ ಮಾಡ್ತಾ ಇದ್ರೆ ಕರೆಂಟ್ ಹೋದ್ರೂ ಮಾಡಿದ್ದು ಉಳಿಯುತ್ತೆ. ಒಣಗಿದ ಕೈ ಇರಬೇಕು, ನೀರಿನ ಬಾಟಲಿ ದೂರ ಇಡಬೇಕು, ಮುಗಿಸುವಾಗ ಸ್ವಿಚ್ ಆರಿಸಿ ಓಡದೆ ಸರಿಯಾಗಿ ಶಟ್ ಡೌನ್ ಮಾಡಬೇಕು. ತನ್ನ ಪಾಸ್‌ವರ್ಡ್ ಪ್ರಾಣಸ್ನೇಹಿತೆಗೂ ಹೇಳಬಾರದು. ಇಷ್ಟು ನೋಡ್ಕೊಂಡ್ರೆ ಮಕ್ಕಳ ಕೈಯಿಂದ ಏನೂ ಹಾಳಾಗಲ್ಲಕ್ಕಾ."

ಅಂದಿನಿಂದ ಬೀಗದಕ್ಕನ ಕೆಲಸ ಬದಲಾಯಿತು, ಗಂಟಲು ಬದಲಾಗಲಿಲ್ಲ. ಹೆಚ್ಚಿನ ಕಡೆ ಮೌಸು ಹುಡುಗರ ಕೈಯಲ್ಲೇ ಇರುವುದು, ಹುಡುಗಿಯರು ಹಿಂದಿನಿಂದ ಇಣುಕಿ ನೋಡುವುದು ಅವಳ ಕಣ್ಣಿಗೆ ಬಿತ್ತು. ನೋಡಿ ಕಲಿಯುವ ಕಥೆ ಏನಾಗುತ್ತದೆ ಅನ್ನುವುದು ಅವಳಿಗೆ ಮನೆಯಲ್ಲೇ ಗೊತ್ತಾಗಿತ್ತಲ್ಲ. "ಏಳಪ್ಪಾ ರಾಜಕುಮಾರ, ನಿನ್ನ ಸರದಿ ಮುಗೀತು. ಕೂತ್ಕೊಳ್ಳಮ್ಮ ನೀನು" ಎಂದು ಅವಳು ಗದರಿದರೆ ಏಳದ ಹುಡುಗನಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಕೋಣೆ ತೆರೆದಿರುತ್ತಿತ್ತು. ಅವಳ ಮಗಳೂ ಉಳಿದವರ ಜೊತೆ ಕೂತು, ಅಪ್ಪನ ಬಸ್ಸು ಎಲ್ಲೆಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಟೇಬಲ್ ಹಾಕಿದಳು. ಮೊದಲ ಸಲ ಸಾಲುಗಳೆಲ್ಲ ಸೊಟ್ಟ. ಕೊನೆಗೆ ನೆಟ್ಟಗೆ ಬಂತು. ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟರೆ, ಅವನು ಅದನ್ನು ಬಸ್ಸಿನಲ್ಲಿ ತನ್ನ ಸೀಟಿನ ಹಿಂದೆ ಅಂಟಿಸಿಕೊಂಡ.

ಎರಡನೇ ಪರೀಕ್ಷೆಗೆ ಅಮ್ಮನೇ ಹೋದಳು. ಕೋಣೆಗೆ ಗಾಜಿನ ಗೋಡೆ. ಹೊರಗೆ ನಿಂತರೆ ಮಗಳ ಬೆನ್ನು, ಅವಳ ಕೈ, ಎದುರಿನ ಪರದೆ ಎಲ್ಲವೂ ಕಾಣುತ್ತಿತ್ತು. ಹುಡುಗಿ ಆನ್ ಮಾಡಿದಳು, ಟೈಪ್ ಮಾಡಿದಳು. ಸಾಲಿನ ಕೆಳಗೆ ಸಾಲು ತುಂಬುತ್ತ ಬಂತು. ಇನ್ನೇನು ಮುಗಿಯಿತು ಅನ್ನುವಾಗ ಏನು ಒತ್ತಿದಳೋ, ಇಡೀ ಹಾಳೆ ಬಿಳಿಯಾಯಿತು.

ಬೀಗದಕ್ಕ ಗಾಜಿಗೆ ಮುಖ ಒತ್ತಿ ನಿಂತಳು. ಮಗಳ ಕೈಯೂ ನಿಂತಿತು. ಆಮೇಲೆ ಆ ಎಡಗೈ ನಿಧಾನವಾಗಿ ಕೀಬೋರ್ಡಿನ ಕೆಳಗಿನ ಮೂಲೆಗೆ ಸರಿಯಿತು. ಎರಡು ಬೆರಳು ಒತ್ತಿದವು. ಸಾಲುಗಳೆಲ್ಲ ವಾಪಸ್ ಬಂದು ತಮ್ಮ ಜಾಗದಲ್ಲಿ ಕೂತವು. ಹುಡುಗಿ ತಕ್ಷಣ ಸೇವ್ ಮಾಡಿದಳು.

ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ತಾಯಿ ಕೇಳಿದಳು, "ಏನಾಯ್ತಕ್ಕಾ, ಬೆವರ್ತಿದೀರಿ?"

"ಏನಿಲ್ಲಮ್ಮ. ಹೋಗಿದ್ದನ್ನ ವಾಪಸ್ ತಂದಳು" ಅಂದಳು ಬೀಗದಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಸೀಟು ಸಿಕ್ಕಿತು. ಮರುದಿನ ಬೀಗದಕ್ಕ ಶಾಲೆಗೆ ಬಂದವಳೇ ಬಾಗಿಲಲ್ಲಿ ಇನ್ನೂ ತೂಗುತ್ತಿದ್ದ ‘ಮುಟ್ಟಬಾರದು’ ರಟ್ಟನ್ನು ಕಿತ್ತು ಒಲೆಗೆ ಹಾಕಲು ಕೊಂಡೊಯ್ದಳು. ಹೊದಿಕೆಗಳು ಈಗ ನೆಲ ಒರೆಸುವ ಬಟ್ಟೆಯಾಗಿವೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಇವತ್ತು ಮಗನೋ ಮಗಳೋ ಶಾಲೆಯಿಂದ ಬಂದಾಗ ಕಂಪ್ಯೂಟರಿನಲ್ಲಿ ಎಷ್ಟು ಮಾರ್ಕ್ಸು ಎಂದು ಕೇಳಬೇಡಿ. ‘ಇವತ್ತು ನೀನು ಏನು ಟೈಪ್ ಮಾಡಿದೆ? ಎಲ್ಲಿ ಸೇವ್ ಮಾಡಿದೆ?’ ಎಂದು ಕೇಳಿ. ಮಗು ಉತ್ತರ ಕೊಡದೆ ನಿಮ್ಮ ಮುಖ ನೋಡಿದರೆ, ಶಾಲೆಗೆ ಹೋಗಿ ಆ ಕೋಣೆಯ ಬಾಗಿಲು ತೆಗೆಸಿ. ಜಗಳ ಬೇಡ, ಕೇಳಿದರೆ ಸಾಕು. ಹೆಣ್ಣುಮಗುವಿನ ಕೈಗೂ ಮೌಸು ಸಿಗುತ್ತಿದೆಯೇ ಅನ್ನುವುದನ್ನು ಕಣ್ಣಾರೆ ನೋಡಿ ಬನ್ನಿ.

ಅಕಸ್ಮಾತ್ ಆ ಕೀ ನಿಮ್ಮ ಸೊಂಟದಲ್ಲೇ ಇದ್ದರೆ, ನಾಳೆ ಬೆಳಗ್ಗೆ ಸ್ವಲ್ಪ ಬೇಗ ಹೋಗಿ.